ನಡುವಿನ ಬಿರಡೆ

ಆವತ್ತು ಬೆಳಿಗ್ಗೆ ಅರ್ಮಿಂದುವಿನ ಮೂಗು ಕೆಲಸಕ್ಕೆ ಬರಲಿಲ್ಲ. ಮೂಗಿನ ಯಜಮಾನ ಬಂದಿದ್ದ, ಬಿಳಿ ಕೋಟು ತೊಟ್ಟಿದ್ದ, ಹಿಂದಿನ ಸಂಜೆ ವೈನ್ ಬಾಟಲಿಯ ಬಿರಡೆ ನೆನೆಹಾಕಿಟ್ಟ ನೀರಿನ ಗ್ಲಾಸುಗಳ ಮುಂದೆ ಕೂತು ಒಂದೊಂದನ್ನೇ ಎತ್ತಿ ಗಂಭೀರವಾಗಿ ಮೂಸುತ್ತಿದ್ದ. ಮೂಗು ಮಾತ್ರ ಎಲ್ಲೋ ರಜೆ ಹಾಕಿತ್ತು. ಎದುರಿಗೆ ಕೂತ ಜುಲ್ಮೀರಾ ತನ್ನ ಸಾಲನ್ನು ಆಗಲೇ ಮುಗಿಸಿ ಒಂದು ಗ್ಲಾಸನ್ನು ಬೆರಳ ತುದಿಯಿಂದ ಅವನತ್ತ ತಳ್ಳಿದಳು. "ಇದು ನೋಡಿ ಮೇಷ್ಟ್ರೇ. ಒದ್ದೆ ನಾಯಿ." ಅವನು ಮೂಸಿದ. ನೀರು, ಗ್ಲಾಸು, ತನ್ನದೇ ಮೀಸೆ. "ಹೌದು, ನಾಯೀನೇ," ಅಂದ. "ಎಂಥಾ ನಾಯಿ?" ಅಂತ ಅವಳು ಕಣ್ಣು ಕಿರಿದು ಮಾಡಿದಳು. "ಬೇಟೆ ನಾಯಿ," ಅಂದ ಅರ್ಮಿಂದು, ಮತ್ತು ಅವಳು ನಕ್ಕಾಗ ತಾನೂ ನಕ್ಕ. ಬೂಷ್ಟು ಹಿಡಿದ ಒಂದು ಬಿರಡೆ ಸಾಕು, ಇಡೀ ಚೀಲ ವಾಪಸ್. ಈ ಕೋಣೆಯಲ್ಲಿ ಅವಳ ಮೂಗೇ ಕೊನೆಯ ತೀರ್ಪು. ಅವನದು ಅದರ ಕೆಳಗೆ ಬೀಳುವ ರುಜು. ಆದರೆ ಇವತ್ತು ಅವಳು ಮೂಗಿನಿಂದ ಪಾಸಾಗುವ ಹಾಗಿರಲಿಲ್ಲ. ಹತ್ತು ಗಂಟೆಗೆ ಊಟದ ಹಾಲ್‌ನಲ್ಲಿ ಲೆಕ್ಕದ ಪರೀಕ್ಷೆ ಇತ್ತು. ಪರೀಕ್ಷೆ ಬರೆಯುವವಳು ಅವಳು. ಮೂಸುವ ನೆಪದಲ್ಲಿ ಉಸಿರು ಬಿಗಿಹಿಡಿದು ಕೂತವನು ಇವನು. ಅವನಿಗೆ ಪರೀಕ್ಷೆಯೇ ಇರಲಿಲ್ಲ. ಗುಣ ನೋಡುವ ಕೋಣೆಯ ಮುಖ್ಯಸ್ಥನಾದ್ದರಿಂದ ಅವನು ಕಾಯುವವನು, ಕಾಪಿ ಹಿಡಿಯುವವನು.

"ಹೆದರಿಕೆ ಆಗ್ತಿದೆಯಾ?" ಅಂತ ಕೇಳಿದ. ಕೇಳಿದ ಮೇಲೆ, ಆ ಪ್ರಶ್ನೆಯನ್ನು ತಾನು ಯಾರಿಗೆ ಕೇಳಿದೆ ಅನ್ನುವುದು ಅವನಿಗೇ ಸ್ಪಷ್ಟವಾಗಲಿಲ್ಲ. ಜುಲ್ಮೀರಾ ಗ್ಲಾಸುಗಳನ್ನು ಟ್ರೇಗೆ ಜೋಡಿಸುತ್ತಾ ಹೇಳಿದಳು: "ನಂಗ್ಯಾಕೆ ಹೆದರಿಕೆ? ನೀವು ಹೇಳ್ಕೊಟ್ಟಿದೀರಲ್ಲ." ಹಾಗೆ ಹೇಳಿ ಟ್ರೇ ಎತ್ತಿಕೊಂಡು ತೊಟ್ಟಿಯ ಕಡೆ ಹೋದಳು, ಬೆನ್ನ ಮೇಲೆ ಕೋಟಿನ ಪಟ್ಟಿ ಎಂದಿನಂತೆ ತಿರುಚಿಕೊಂಡಿತ್ತು. ಕಿಟಕಿ ಪಕ್ಕದಲ್ಲಿ ಬಿರಡೆಗಳ ದಪ್ಪ ಅಳೆಯುತ್ತಿದ್ದ ಅಲ್ಬೀನು ತಲೆಯೆತ್ತದೆ ಅಂದ: "ನಾನಂತೂ ನಿನ್ನೆ ಸಂತ ಅಂತೋನಿಗೆ ಮೇಣದ ಬತ್ತಿ ಹಚ್ಚಿ ಬಂದೆ. ಕಳೆದುಹೋದ ವಸ್ತು ಹುಡುಕಿಕೊಡೋದು ಅವನ ಡ್ಯೂಟಿ ತಾನೇ? ನನ್ನ ಏಳರ ಮಗ್ಗಿ ಮದುವೆಗೆ ಮುಂಚೆಯೇ ಕಳೆದುಹೋಗಿದೆ." ಜುಲ್ಮೀರಾ ಅಲ್ಲಿಂದಲೇ ಕೂಗಿದಳು: "ಅವನು ನಿನ್ನ ಹೆಂಡ್ತೀನೇ ಹುಡುಕಿಕೊಟ್ಟಿದ್ದಾನೆ, ಇನ್ನೂ ಅವನ ಕೈಲಿ ಏನೇನು ಮಾಡಿಸ್ತೀಯ?" "ಅವಳು ಕಳೆದುಹೋಗಿರಲೇ ಇಲ್ಲ ಮಾರಾಯ್ತಿ, ಅದೇ ಕಷ್ಟ." ಕೋಣೆಯಲ್ಲಿ ನಗು ಎದ್ದಿತು. ಬಿರಡೆಯ ಪುಡಿ ಬಿಸಿಲ ಕೋಲಿನಲ್ಲಿ ಮೇಲೆ ಕೆಳಗೆ ಆಡುತ್ತಿತ್ತು. ಗುಣ ನೋಡುವ ಕೋಣೆಯಲ್ಲಿ ಗುಣಾಕಾರ ಬಾರದವರೇ ತುಂಬಿದ್ದಾರೆ ಅಂತ ಯಾರೋ ಪೋರ್ತು ನಗರದ ಮುಖ್ಯ ಕಚೇರಿಯಲ್ಲಿ ಹೇಳಿದರಂತೆ. ಅಂದಿನಿಂದ ಆ ಮಾತನ್ನು ಅಲ್ಬೀನು ಟೋಪಿಗೆ ಗರಿ ಸಿಕ್ಕಿಸಿಕೊಂಡ ಹಾಗೆ ಹೊತ್ತು ತಿರುಗುತ್ತಿದ್ದ.

ಹೇಳಿಕೊಟ್ಟಿದ್ದೀರಲ್ಲ. ಹೌದು, ಹೇಳಿಕೊಟ್ಟಿದ್ದ. ಆಗ ಅವಳು ಆರಿಸುವ ಬೆಂಚಿನಿಂದ ಮೇಲಕ್ಕೆ ಬಂದ ಹೊಸದು. ಕೆಳಗೆ ಹೆಂಗಸರು ಸಾಲಾಗಿ ಕೂತು, ಮುಂದೆ ಹರಿದುಹೋಗುವ ಬಿರಡೆಗಳ ಹೊಳೆಯಲ್ಲಿ ಕಣ್ಣು ನೆಟ್ಟು ಒಳ್ಳೆಯದು ಕೆಟ್ಟದ್ದು ಬೇರೆ ಮಾಡುತ್ತಿದ್ದ ಕಾಲ. ಈಗ ಆ ಬೆಂಚುಗಳಿಲ್ಲ, ಕ್ಯಾಮೆರಾ ಇಟ್ಟ ಯಂತ್ರ ಇದೆ. ಜುಲ್ಮೀರಾಳ ಮೂಗಿನ ಸುದ್ದಿ ಮೇಲೆ ತಲುಪಿ ಅವಳಿಗೆ ಬಿಳಿ ಕೋಟು ಬಂತು. ಮೂಸುವುದು ಅವಳಿಗೆ ಲೀಲೆ. ತೇವ ಅಳೆಯುವುದೂ ಕಷ್ಟವಲ್ಲ, ಬಿರಡೆಗೆ ಸೂಜಿ ಚುಚ್ಚಿದರೆ ಮೀಟರು ಅಂಕಿ ತೋರಿಸುತ್ತದೆ. ಆದರೆ ಚೀಲಕ್ಕೆ ಐದು ಬಿರಡೆ ಚುಚ್ಚಿ ಅವುಗಳ ಸರಾಸರಿ ಬರೆಯಬೇಕಿತ್ತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಭಾಗಾಕಾರದ ಗೆರೆ ಕಂಡರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದಳು. ಮೊದಲ ವಾರ ಅವಳು ಪೆನ್ಸಿಲ್ ಕಚ್ಚಿಕೊಂಡು ಕೂತಿದ್ದನ್ನು ನೋಡಿ ಅರ್ಮಿಂದು, ಹೊಸ ಹೆಂಗಸಿನ ಮುಂದೆ ಚೂರು ಜಾಣತನ ತೋರುವ ಹುಮ್ಮಸ್ಸಿನಲ್ಲಿ, ಐದು ಬಿರಡೆಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ್ದ. "ಭಾಗಿಸೋದು ಯಾಕೆ? ಚಿಕ್ಕ ಅಂಕಿಯಿಂದ ದೊಡ್ಡ ಅಂಕಿಗೆ ಸಾಲು ನಿಲ್ಲಿಸು, ಚರ್ಚಲ್ಲಿ ಮೊದಲ ಪ್ರಸಾದಕ್ಕೆ ಮಕ್ಕಳನ್ನ ನಿಲ್ಲಿಸ್ತಾರಲ್ಲ ಹಾಗೆ. ನಡುವಿನದು ಯಾವುದೋ ಅದರ ಅಂಕಿ ಬರಿ. ಆಯ್ತು." ಅವಳು ಬೆರಗಾಗಿ ನೋಡಿದ್ದಳು. ಆ ನೋಟ ಅವನಿಗೆ ಆವತ್ತು ಮಧ್ಯಾಹ್ನದ ಕೋಸಿನ ಸಾರಿಗಿಂತ ಬೆಚ್ಚಗೆ ಹೊಟ್ಟೆಗಿಳಿದಿತ್ತು. ನಿಜವಾದ ದಾರಿಯನ್ನು ಮುಂದಿನ ವಾರ ಹೇಳಿಕೊಟ್ಟರಾಯಿತು ಅಂದುಕೊಂಡ. ಮುಂದಿನ ವಾರ ಬಂದೇ ಬಂತು, ಎಷ್ಟೋ ಸಲ ಬಂತು. ಮೋಜಿನ ಸಂಗತಿಯೆಂದರೆ ಆ ಉಪಾಯ ನಡೆದುಕೊಂಡೇ ಹೋಯಿತು. ಒಳ್ಳೆಯ ಚೀಲದಲ್ಲಿ ನಡುವಿನ ಅಂಕಿಯೂ ಸರಾಸರಿಯೂ ಅಕ್ಕಪಕ್ಕದ ಮನೆಯವರು, ಬಾಗಿಲಲ್ಲಿ ನಿಂತು ಹರಟುವಷ್ಟು ಹತ್ತಿರ. ಕೆಟ್ಟ ಚೀಲದಲ್ಲಿ ಮಾತ್ರ ಇಬ್ಬರಿಗೂ ಮಾತು ಬಿಟ್ಟಿರುತ್ತದೆ. ಕಾರ್ಖಾನೆಯ ಪುಣ್ಯಕ್ಕೆ ಬಹಳ ವರ್ಷ ಒಳ್ಳೆಯ ಚೀಲಗಳೇ ಬಂದವು.

ತೇವದ ಚೀಟಿಯಲ್ಲಿ ಹರವು ಅಂತ ಇನ್ನೊಂದು ಅಂಕಣವಿತ್ತು. ಅದನ್ನು ಅವನು ಅವಳಿಗೆ ಹೇಳಿಕೊಡಲೇ ಇಲ್ಲ, ಉಪಾಯವನ್ನೂ ಸಹ. "ಅದು ನನ್ ಹತ್ರ ತಾ," ಅಂದಿದ್ದ. ಹಾಗಾಗಿ ದಿನಾ ಮಧ್ಯಾಹ್ನ, ಊಟದ ತಟ್ಟೆಗಳ ಸದ್ದು ಅಡಗಿದ ಮೇಲೆ, ಜುಲ್ಮೀರಾ ಚೀಟಿ ಹಿಡಿದು ಅವನ ಮೇಜಿನ ಬಳಿ ಬಂದು ನಿಲ್ಲುತ್ತಿದ್ದಳು, ಬೆರಳುಗಳಲ್ಲಿ ಕಿತ್ತಳೆ ಸಿಪ್ಪೆಯ ವಾಸನೆ. ಅವನು ಕನ್ನಡಕ ಏರಿಸುತ್ತಿದ್ದ. ಪೆನ್ನಿನ ಮುಚ್ಚಳ ತೆಗೆದು ಅದನ್ನು ಪೆನ್ನಿನ ಹಿಂದಕ್ಕೆ ಸಿಕ್ಕಿಸುತ್ತಿದ್ದ. ತುಟಿಯಲ್ಲೇ ಏನೋ ಗುನುಗಿ, ಹುಬ್ಬು ಗಂಟಿಕ್ಕಿ, ಒಮ್ಮೆ ಚಾವಣಿ ನೋಡಿ ಅಂಕಿ ಬರೆದುಕೊಡುತ್ತಿದ್ದ. ಮನೆಯಲ್ಲಿ ಹೆಂಡತಿ ಇದಾಲಿನಾ ಅವನನ್ನು ಏನನ್ನೂ ಕೇಳುತ್ತಿರಲಿಲ್ಲ. ನಲ್ಲಿ ಕೆಟ್ಟರೆ ತಮ್ಮನನ್ನು ಕರೆಯುತ್ತಿದ್ದಳು, ಹವಾಮಾನಕ್ಕೆ ರೇಡಿಯೋ ಇತ್ತು. ಕಾಫಿ ಅಂಗಡಿಯಲ್ಲಿ ಚೆಂಡಾಟದ ಜಗಳ ಬಂದಾಗ ಜನ ಅವನ ತಲೆಯ ಮೇಲಿಂದ ಮಾತಾಡುತ್ತಿದ್ದರು. ಊರಿನಲ್ಲಿ ಅವನು ಲೆಕ್ಕಕ್ಕಿಲ್ಲದವನು, ಈ ಮೇಜಿನಲ್ಲಿ ಮಾತ್ರ ಲೆಕ್ಕ ಅವನದು. ಒಂದು ಸಲ, ಬಹುಶಃ ಚಳಿಗಾಲವೇ, ಅವಳು ಚೀಟಿ ಕೊಡುವ ಮೊದಲು ಅದನ್ನು ಎದೆಗೆ ಒತ್ತಿ ಹಿಡಿದು, "ಇದನ್ನೂ ಹೇಳ್ಕೊಡಿ ಮೇಷ್ಟ್ರೇ, ದಿನಾ ನಿಮಗ್ಯಾಕೆ ತೊಂದ್ರೆ," ಅಂದಿದ್ದಳು. ಅವನು ನಕ್ಕು ಅಂದಿದ್ದ: "ಇದೂ ನಿಂಗೆ ಬಂದ್ಬಿಟ್ರೆ ನಾನ್ಯಾಕೆ ಬೇಕು? ನನ್ನನ್ನ ಬಿರಡೆ ಮರದ ತೊಗಟೆ ಬೇಯ್ಸೋ ಕಡಾಯಿಗೆ ಹಾಕ್ತಾರೆ." ಅವಳೂ ನಕ್ಕಳು. ಮತ್ತೆ ಕೇಳಲಿಲ್ಲ. ಆ ನಗೆಯಲ್ಲಿ ಚೂರು ಕೆಂಪಾದ ಅವಳ ಕಿವಿ ಈಗ ನೆನಪಾಗುತ್ತದೆ, ಆಗ ಕಂಡಿರಲಿಲ್ಲ. ಅಥವಾ ಕಂಡಿತ್ತು, ಅದಕ್ಕೇ ನೆನಪಿದೆ.

ಊಟದ ಹಾಲ್‌ನಲ್ಲಿ ಮೇಜುಗಳನ್ನು ದೂರ ದೂರ ಸರಿಸಿದ್ದರು. ಅಡುಗೆಯವರು ಒಳಗೆ ಉಪ್ಪು ಮೀನು ನೆನೆಹಾಕಿ ಆಲೂಗಡ್ಡೆ ಸುಲಿಯುತ್ತಿದ್ದರು, ಪರೀಕ್ಷೆಯ ಗಾಂಭೀರ್ಯಕ್ಕೆ ಈರುಳ್ಳಿಯ ಘಾಟು ಸೇರಿ ಕೆಲವರ ಕಣ್ಣು ಮೊದಲೇ ಒದ್ದೆಯಾಗಿತ್ತು. ಎಂಜಿನಿಯರ್ ಬೆನೆದಿತಾ ಪ್ರಶ್ನೆಪತ್ರಿಕೆ ಹಂಚಿದಳು. ಇನ್ನೂ ಮೂವತ್ತು ದಾಟದ ಹುಡುಗಿ, ಪೋರ್ತುವಿನವಳು, ಮಾತಾಡುವಾಗ ಯಾರನ್ನೂ ನೋಯಿಸಬಾರದೆಂದು ಅವಳು ಪಡುತ್ತಿದ್ದ ಶ್ರಮವೇ ಎಲ್ಲರನ್ನೂ ನೋಯಿಸುತ್ತಿತ್ತು. "ಇದು ಯಾರನ್ನೂ ತೆಗೆಯೋದಕ್ಕಲ್ಲ," ಅಂದಳು. "ಯಾರಿಗೆ ಯಾವ ಜಾಗ ಸರಿ ಅಂತ ನೋಡೋದಕ್ಕೆ." ಅಲ್ಬೀನು ಕೈಯೆತ್ತಿ, "ಎಂಜಿನಿಯರಮ್ಮ, ನಂಗೆ ಈ ಜಾಗಾನೇ ಸರಿ, ಒಲೆ ಹತ್ರ ಇದೆ," ಅಂದ. ಅವಳೂ ನಕ್ಕಳು. ಅರ್ಮಿಂದು ಬಾಗಿಲ ಬಳಿ ನಿಂತಿದ್ದ, ಕೈ ಬೆನ್ನ ಹಿಂದೆ. ಮೂರನೇ ಪ್ರಶ್ನೆ ಅವನಿಗೆ ಬಾಯಿಪಾಠವಾಗಿತ್ತು, ಬೆಳಿಗ್ಗೆಯೇ ಬೆನೆದಿತಾ ತೋರಿಸಿದ್ದಳು. ಒಂದು ಚೀಲದಿಂದ ತೆಗೆದ ಐದು ಬಿರಡೆಗಳ ತೇವ: ಎರಡು, ಎರಡು, ಏಳು, ಏಳು, ಏಳು. ಸರಾಸರಿ ಎಷ್ಟು? ಆರರಿಂದ ಎಂಟರೊಳಗಿದ್ದರೆ ಮಾತ್ರ ಕಳಿಸಬಹುದು ಎಂದಾದರೆ, ಈ ಚೀಲವನ್ನು ಕಳಿಸಬಹುದೇ? ಅದು ಕಟ್ಟಿದ ಪ್ರಶ್ನೆಯಲ್ಲ. ಕಾರ್ಖಾನೆಯಿಂದ ನಿಜವಾಗಿ ಹೋಗಿದ್ದ ಆ ಚೀಲವೇ.

ಆ ಚೀಲ ಹೋಗಿದ್ದು ಅವನು ಬ್ರಾಗಾಕ್ಕೆ ಹೋಗಿದ್ದಾಗ, ಇದಾಲಿನಾಳ ಅಣ್ಣನ ಮಗಳ ಮದುವೆಗೆ. ಬ್ಯಾಂಡು ಬಾರಿಸುತ್ತಿತ್ತು, ಎಳೆ ವೈನು ಗಂಟಲಲ್ಲಿ ಚುರುಚುರು ಅನ್ನುತ್ತಿತ್ತು, ಜೇಬಿನಲ್ಲಿ ಫೋನು ನಡುಗಿತು. ಜುಲ್ಮೀರಾ. "ಮೇಷ್ಟ್ರೇ, ಮದುವೆ ಮನೆಯೋರನ್ನ ಕಾಡ್ತಿದೀನಿ, ಬೈಕೋಬೇಡಿ. ಲಾರಿ ನಿಂತಿದೆ. ಹರವು ಬರೆಯೋದು ಹೇಗೆ, ನೀವಿಲ್ಲ." ಅವನು ಒಂದು ಕಿವಿ ಮುಚ್ಚಿಕೊಂಡು ಕೂಗಿದ: "ನಡುವಿನದು ಎಷ್ಟು?" "ಏಳು." "ಏಳಾ? ಹಾಗಾದ್ರೆ ಕಳ್ಸು, ಕಳ್ಸು!" ಪಕ್ಕದಲ್ಲಿದ್ದ ಭಾವಮೈದುನ, "ಯಾರು, ಮಂತ್ರಿಗಳಾ?" ಅಂದ. "ಕಾರ್ಖಾನೆ," ಅಂದ ಅರ್ಮಿಂದು, "ನಾನಿಲ್ದೆ ಅಲ್ಲಿ ಬಿರಡೆ ಅಲ್ಲಾಡಲ್ಲ." ಹಾಗೆಂದು ಗ್ಲಾಸು ಎತ್ತಿದ್ದ. ಚಳಿಗಾಲದಲ್ಲಿ ದೋರು ಕಣಿವೆಯ ಒಂದು ವೈನಿನ ನೆಲಮಾಳಿಗೆಯಿಂದ ಚಿತ್ರಗಳು ಬಂದವು: ಮಲಗಿಸಿಟ್ಟ ಬಾಟಲಿಗಳ ಕೊರಳಿನಿಂದ ವೈನು ಜಿನುಗಿ, ಬಿಳಿ ಲೇಬಲುಗಳ ಮೇಲೆ ಮೂಗಿನ ರಕ್ತದ ಹಾಗೆ ಇಳಿದಿತ್ತು. ಒಣಗಿದ ಬಿರಡೆ. ವಿಚಾರಣೆಗೆ ಬಂದವರು ಆ ದಿನ ಮೇಜಿನಲ್ಲಿ ಯಾರಿದ್ದರು ಅಂತ ಕೇಳಿದರು. "ನಾನೇ," ಅಂದಳು ಜುಲ್ಮೀರಾ. ಅಷ್ಟೇ ಅಂದಳು. ಬ್ರಾಗಾದ ಫೋನಿನ ವಿಷಯ ಅವಳ ಬಾಯಿಗೆ ಬರಲಿಲ್ಲ. ಅವನು ಪಕ್ಕದಲ್ಲೇ ನಿಂತಿದ್ದ, ಬಾಯಿ ಸ್ವಲ್ಪ ತೆರೆದಿದ್ದ. ಹೇಳಲಿಕ್ಕೆ ತೆರೆದಿದ್ದೋ, ಬಿಸಿಗಾಳಿಯ ಯಂತ್ರ ಜಾಸ್ತಿಯಾಗಿ ತೆರೆದಿದ್ದೋ, ಆಮೇಲೆ ಎಷ್ಟು ಯೋಚಿಸಿದರೂ ಗೊತ್ತಾಗಲಿಲ್ಲ. ಆ ಜಿನುಗಿದ ವೈನಿನಿಂದಲೇ ಬೆನೆದಿತಾ ಬಂದಳು, ಬೆನೆದಿತಾಳಿಂದ ಈ ಪರೀಕ್ಷೆ.

ಅವನು ಮೇಜುಗಳ ನಡುವೆ ನಡೆದ. ಕಾಯುವವನು ನಡೆಯಬೇಕಲ್ಲ. ಅಲ್ಬೀನು ಕಾಲ್ಬೆರಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುವವನ ಹಾಗೆ ಮೇಜಿನ ಕೆಳಗೆ ನೋಡುತ್ತಿದ್ದ. ಜುಲ್ಮೀರಾ ಕಿಟಕಿಯ ಬಳಿ ಕೂತಿದ್ದಳು. ಅವಳ ಬೆನ್ನ ಹಿಂದೆ ಬಂದು ನಿಂತಾಗ ಅವನಿಗೆ ಕಾಗದ ಕಂಡಿತು. ಮೇಜಿನ ಮೇಲೆ ನಿಲ್ಲಿಸಲು ಬಿರಡೆಗಳಿಲ್ಲವಲ್ಲ, ಅದಕ್ಕೆ ಅವಳು ಕಾಗದದ ಮೇಲೆ ಬಿರಡೆ ಬರೆದಿದ್ದಳು: ಐದು ಪುಟ್ಟ ಪುಟ್ಟ ಪೀಪಾಯಿಗಳು, ಚೆಂದಾಗಿ, ಒಂದೊಂದರ ನೆತ್ತಿಯ ಮೇಲೆ ಅಂಕಿ. ನಡುವಿನದಕ್ಕೆ ಸುತ್ತ ಗೆರೆ. ಏಳು. ಕಳಿಸಬಹುದು. ಕೆಳಗೆ ನಾಲ್ಕನೇ ಪ್ರಶ್ನೆಗೂ ಬಿರಡೆಗಳು, ಐದನೆಯದಕ್ಕೂ, ಇಡೀ ಕಾಗದ ಒಂದು ಸಣ್ಣ ಮೆರವಣಿಗೆ. ಬಗ್ಗಿ ಒಂದು ಮಾತು ಹೇಳಬಹುದಿತ್ತು. ಕೂಡು, ಐದರಿಂದ ಭಾಗಿಸು. ಬೆನೆದಿತಾ ಆ ತುದಿಯಲ್ಲಿ ಫೋನು ನೋಡುತ್ತಿದ್ದಳು. ಜುಲ್ಮೀರಾ ಅವನ ನೆರಳು ಗುರುತಿಸಿ ತಲೆ ಎತ್ತಿದಳು. ಗಾಬರಿಯಿಲ್ಲ, ಬೇಡಿಕೆಯಿಲ್ಲ. ನಮ್ಮಿಬ್ಬರ ಉಪಾಯ ಹೇಗೆ ಕೆಲಸ ಮಾಡ್ತಿದೆ ನೋಡಿ ಅನ್ನುವ ಹಾಗೆ ಒಂದು ಕಣ್ಣು ಮಿಟುಕಿಸಿದಳು. ಅರ್ಮಿಂದು ಕೂಡಾ ಕಣ್ಣು ಮಿಟುಕಿಸಿದ. ಅವನ ದೇಹವೇ ಹಾಗೆ ಮಾಡಿತು, ಅವನನ್ನು ಕೇಳಲಿಲ್ಲ. ಆಮೇಲೆ ಬಾಗಿಲಿಗೆ ಹೋಗಿ, ಕಾರ್ಖಾನೆಯ ಅಂಗಳದಲ್ಲಿ ದಕ್ಷಿಣದ ಅಲೆಂತೇಜುವಿನಿಂದ ಬಂದ ಬಿರಡೆ ಮರದ ತೊಗಟೆಯ ರಾಶಿಗಳು ಮಳೆ ಬಿಸಿಲು ತಿನ್ನುತ್ತಾ ಬಿದ್ದಿರುವುದನ್ನು ನೋಡಿದ. ಅವನ್ನು ಹಾಗೆ ಬಹಳ ಕಾಲ ಬಿಡಬೇಕು, ಆತುರ ಮಾಡಿದರೆ ಬಿರಡೆ ಕೆಡುತ್ತದೆ. ಆದರೆ ಕೆಲವನ್ನು ಬಿಟ್ಟಷ್ಟೂ ಕೆಡುತ್ತವೆ ಅಂತ ಯಾರೂ ಫಲಕ ಹಾಕಿರಲಿಲ್ಲ.

ತಿದ್ದುವಾಗ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡಳು ಬೆನೆದಿತಾ. ಅವಳ ಕೋಣೆ ಮೆಟ್ಟಿಲಿನ ಮೇಲೆ, ಗಾಜಿನ ಗೋಡೆ. ಕೆಳಗೆ ಇಡೀ ಕಾರ್ಖಾನೆ ಅಕ್ವೇರಿಯಮ್ಮಿನ ಹಾಗೆ ಕಾಣುತ್ತಿತ್ತು. ಅಲ್ಬೀನು ಪಾಸು, ಅಂಚಿನಲ್ಲಿ. ಸಂತ ಅಂತೋನಿ ಮಗ್ಗಿಯನ್ನು ಅರ್ಧ ಹುಡುಕಿಕೊಟ್ಟಿದ್ದ. ಆಮೇಲೆ ಜುಲ್ಮೀರಾಳ ಕಾಗದ ಬಂತು. ಕೆಂಪು ಪೆನ್ನು ಒಂದು ಕಡೆ ಗೀಟು ಎಳೆಯಿತು, ಇನ್ನೊಂದು ಕಡೆ ಎಳೆಯಿತು, ಆಮೇಲೆ ನಿಂತಿತು. "ವಿಚಿತ್ರ," ಅಂದಳು. "ಎಲ್ಲಾ ತಪ್ಪು, ಆದ್ರೆ ಎಲ್ಲಾ ಒಂದೇ ಥರ ತಪ್ಪು. ನೋಡಿ ಸೆನ್ಯೋರ್ ಅರ್ಮಿಂದು, ಇದು ಗೊತ್ತಿಲ್ಲದೆ ಗೀಚಿದ್ದಲ್ಲ. ಇವರಿಗೆ ಯಾರೋ ಹೀಗೆ ಹೇಳಿಕೊಟ್ಟಿದ್ದಾರೆ." ಅವನು ಕಾಗದದ ಮೇಲಿನ ಪೀಪಾಯಿಗಳನ್ನು ನೋಡಿದ. "ಯಾರಾದ್ರೂ ತಪ್ಪಾಗಿ ಹೇಳಿಕೊಟ್ಟಿದ್ರೆ ಅದು ಅವರ ತಪ್ಪಲ್ಲ. ಹಾಗಂತ ಬರೆದು ತರಬೇತಿ ಕೊಡಿಸ್ಬಹುದು, ಮೇಜಲ್ಲೇ ಉಳಿಸ್ಕೋಬಹುದು. ಹಾಗಿಲ್ಲ, ಇಷ್ಟು ವರ್ಷವಾದ್ರೂ ಅವರಿಗೆ ಹತ್ತಲೇ ಇಲ್ಲ ಅಂದ್ರೆ, ನಾನು ಏನು ಮಾಡ್ಲಿ? ಕೆಳಗೆ ಚೀಲ ಹೊಲಿಯೋ ಕಡೆ ಒಂದು ಜಾಗ ಇದೆ. ನಿಮಗೇನಾದ್ರೂ ಗೊತ್ತಾ?" ನೇರವಾಗಿ ಅವನನ್ನೇ ನೋಡಿ ಕೇಳಿದಳು, ಕಣ್ಣಲ್ಲಿ ಅನುಮಾನವಿರಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಅನುಮಾನವಿದ್ದಿದ್ದರೆ ಸಿಟ್ಟು ಬರುತ್ತಿತ್ತು, ಸಿಟ್ಟಿನಲ್ಲಿ ನಿಜ ಬಾಯಿಗೆ ಬಂದುಬಿಡುತ್ತಿತ್ತೇನೋ. ನಾನೇ, ಅಂತ ಎರಡಕ್ಷರ. ಜುಲ್ಮೀರಾ ಅಷ್ಟು ಸಲೀಸಾಗಿ ಅಂದಿದ್ದ ಅದೇ ಎರಡಕ್ಷರ. ಅದರ ಬದಲು ಅರ್ಮಿಂದು ತನ್ನದೇ ದನಿಯನ್ನು ಕೇಳಿಸಿಕೊಂಡ, ಬಹಳ ತೂಕದ, ಅನುಭವಸ್ಥನ ದನಿ: "ಹಳೇ ಕಾಲದ ಹೆಂಗಸರು. ಅವರವರೇ ಏನೋ ಒಂದು ದಾರಿ ಕಂಡ್ಕೊಂಡಿರ್ತಾರೆ." ಬೆನೆದಿತಾ ನಿಟ್ಟುಸಿರಿಟ್ಟು ಏನೋ ಬರೆದುಕೊಂಡಳು. "ಪಾಪ," ಅಂದಳು. "ಮೂಗು ಮಾತ್ರ ಅದ್ಭುತ ಅಂತಾರೆ." "ಅದ್ಭುತ," ಅಂತ ಅವನೂ ಒಪ್ಪಿಕೊಂಡ. ಮೆಟ್ಟಿಲಿಳಿಯುವಾಗ ಕಾಲು ಹಗುರಾಗಿತ್ತು. ಆ ಹಗುರ ಅವನಿಗೆ ಅಸಹ್ಯ ಹುಟ್ಟಿಸಿತು, ಆದರೂ ಹಗುರಾಗೇ ಇತ್ತು.

ಊಟಕ್ಕೆ ಮೀನು ಬಂದಿತ್ತು, ಆಲೂಗಡ್ಡೆ, ಆಲಿವ್ ಎಣ್ಣೆ ಧಾರಾಳವಾಗಿ. ಅವನು ತಿನ್ನುತ್ತಿದ್ದ ಹಾಗೆಯೇ ಅಲ್ಬೀನು ಎದುರಿಗೆ ತಟ್ಟೆ ಇಟ್ಟು ಕೂತ. ಈ ಸಲ ತಮಾಷೆಯಿಲ್ಲ. "ಜುಲ್ಮೀರಾನ ಸೋಮವಾರದಿಂದ ಚೀಲ ಹೊಲಿಯೋಕೆ ಹಾಕಿದಾರಂತೆ. ಗೊತ್ತಾ?" "ಹೌದಾ?" ಅಂದ ಅರ್ಮಿಂದು. ಈ "ಹೌದಾ" ಬೆಳಗಿನ "ಹೌದು, ನಾಯೀನೇ" ಅನ್ನುವುದರ ಹತ್ತಿರದ ಸಂಬಂಧಿ ಅಂತ ಅವನಿಗೇ ಅನಿಸಿತು. "ನೀನು ಅಲ್ಲೇ ಇದ್ಯಲ್ಲಪ್ಪ, ತಿದ್ದೋವಾಗ. ಒಂದ್ಮಾತು ಆಡೋಕಾಗ್ಲಿಲ್ವಾ? ನಿನ್ ಬಾಯಿಗೂ ಬಿರಡೆ ಹೊಡೆದ್ರಾ?" ಅಲ್ಬೀನು ಬ್ರೆಡ್ಡು ಮುರಿದ. "ಅವಳ ಮೂಗಿಲ್ದೆ ನಾವಿಬ್ರೂ ಏನು ಮೂಸ್ತೀವಿ, ಒಬ್ಬರನ್ನೊಬ್ಬರು?" ಅರ್ಮಿಂದು ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುತ್ತಿದ್ದೇನೆ ಅಂತ ತಿಳಿದಾಗ ಕೈ ಹಿಂದಕ್ಕೆಳೆದುಕೊಂಡ.

ಮಧ್ಯಾಹ್ನ ಅವಳು ಬಂದಳು. ಎಂದಿನ ಹೊತ್ತಿಗೇ ಬಂದಳು, ಚೀಟಿಯ ಬದಲು ಕೈಯಲ್ಲಿ ಉತ್ತರದ ಕಾಗದ. ಅಳುತ್ತಾ ಬರುತ್ತಾಳೆ ಅಂದುಕೊಂಡಿದ್ದ, ಅದಕ್ಕೆ ಬೇಕಾದ ಸಮಾಧಾನದ ಮಾತುಗಳನ್ನೂ ಸಾಲು ನಿಲ್ಲಿಸಿಕೊಂಡಿದ್ದ. ಅವಳು ಅಳುತ್ತಿರಲಿಲ್ಲ. ಸಿಟ್ಟಾಗಿದ್ದಳು, ಆದರೆ ಅವನ ಮೇಲಲ್ಲ. "ಮೇಷ್ಟ್ರೇ, ನೋಡಿ ಇಲ್ಲಿ. ಆ ಮಗು ತಪ್ಪು ತಿದ್ದಿದಾಳೆ," ಅಂತ ಕಾಗದವನ್ನು ಮೇಜಿನ ಮೇಲೆ ಹರಡಿ ಅಂಗೈಯಿಂದ ಸುಕ್ಕು ಸವರಿದಳು. "ಎರಡು, ಎರಡು, ಏಳು, ಏಳು, ಏಳು. ನಡುವಿನದು ಏಳೇ ತಾನೇ? ಐದು ಅಂತ ಬರೆದಿದಾಳೆ! ಐದು ಇಲ್ಲಿ ಎಲ್ಲಿದೆ? ಒಂದಾದ್ರೂ ಬಿರಡೆ ಮೇಲೆ ಐದು ಇದೆಯಾ? ಓದಿದೋಳು, ಏನೋ ಅವಸರದಲ್ಲಿ ತಪ್ಪು ಮಾಡ್ಕೊಂಡಿದಾಳೆ. ನಾನು ಹೇಳಿದ್ರೆ ಚೆನ್ನಾಗಿರಲ್ಲ. ನೀವು ಹೋಗಿ ಸ್ವಲ್ಪ ಹೇಳಿ." ಅವಳು ಕಾದಳು. ಕಿತ್ತಳೆ ವಾಸನೆ ಬಂತು. ಇಡೀ ದಿನದಲ್ಲಿ ಅವನ ಮೂಗಿಗೆ ತಲುಪಿದ ಮೊದಲನೆಯದು. ಕಿಟಕಿಯಾಚೆ ಬಿರಡೆ ಎಣಿಸುವ ಯಂತ್ರ ಜರ್ರೆಂದು ಸುರಿಯುತ್ತಿತ್ತು. ಅವನು ಕನ್ನಡಕ ತೆಗೆದ, ಒರೆಸಿದ, ಹಾಕಿಕೊಳ್ಳಲಿಲ್ಲ. ಕನ್ನಡಕವಿಲ್ಲದಿದ್ದರೆ ಅವಳ ಮುಖ ಚೂರು ಮಸುಕಾಗಿರುತ್ತಿತ್ತು.

"ಅವಳು ಸರಿಯಾಗೇ ತಿದ್ದಿದಾಳೆ ಜುಲ್ಮೀರಾ."

"ಅಂದ್ರೆ?"

"ಸರಾಸರಿ ಅಂದ್ರೆ ನಡುವಿನದಲ್ಲ."

"ಮತ್ತೆ ನಡುವಿನದು?"

"ಅದು... ಸುಲಭಕ್ಕೆ ಅಂತ. ಆಗ."

ಅವಳು ಅವನನ್ನೇ ನೋಡುತ್ತಾ ಎದುರಿಗಿದ್ದ ಸ್ಟೂಲು ಎಳೆದು ಕೂತಳು. ಇಷ್ಟು ವರ್ಷ ಆ ಮೇಜಿನ ಬಳಿ ಅವಳು ನಿಂತೇ ಇರುತ್ತಿದ್ದಳು ಅನ್ನುವುದು ಅವನಿಗೆ ಈಗ ಹೊಳೆಯಿತು. ಸ್ಟೂಲು ಯಾವಾಗಲೂ ಅಲ್ಲೇ ಇತ್ತು. "ಹಾಗಾದ್ರೆ ಏನದು? ಹೇಳಿ," ಅಂದಳು. ಅವನು ಹೇಳಿದ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಸಾರಿನಿಂದ ಶುರು ಮಾಡಿದ. ಐದು ಜನ ಊಟಕ್ಕೆ ಕೂತಿದ್ದಾರೆ ಅಂದುಕೋ. ಇಬ್ಬರ ಬಟ್ಟಲಲ್ಲಿ ಎರಡೆರಡು ಸೌಟು ಸಾರು, ಮೂವರ ಬಟ್ಟಲಲ್ಲಿ ಏಳೇಳು. ಜಗಳ ಆಗುತ್ತೆ. ನೀನು ಬರ್ತೀಯ, ಎಲ್ಲಾ ಬಟ್ಟಲನ್ನೂ ವಾಪಸು ಪಾತ್ರೆಗೆ ಸುರೀತೀಯ, ಐದೂ ಜನಕ್ಕೂ ಸಮ ಹಂಚ್ತೀಯ. ಒಬ್ಬೊಬ್ಬರಿಗೆ ಎಷ್ಟು? ಅವಳ ತುಟಿ ಅಲುಗಿತು. ಐವರು ಮಕ್ಕಳಿಗೆ ಬಡಿಸಿ ದೊಡ್ಡವರನ್ನಾಗಿ ಮಾಡಿದವಳು; ಸೌಟಿನ ಲೆಕ್ಕ ಅವಳಿಗೆ ಹೊಸದಲ್ಲ. "ಪಾತ್ರೇಲಿ ಇಪ್ಪತ್ತೈದು," ಅಂದಳು, "ಒಬ್ಬೊಬ್ಬರಿಗೆ ಐದು." ಆಮೇಲೆ ತಾನು ಹೇಳಿದ್ದನ್ನೇ ಕೇಳಿಸಿಕೊಂಡವಳ ಹಾಗೆ ಕೆಂಪು ಶಾಯಿಯ ಐದನ್ನು ನೋಡಿದಳು. ಬೆರಳಿಟ್ಟು ಅದನ್ನು ಮುಟ್ಟಿದಳು.

"ಇಷ್ಟೇನಾ?"

"ಇಷ್ಟೇ."

"ಆ ಹರವು ಅನ್ನೋದು? ನೀವು ಚಾವಣಿ ನೋಡ್ಕೊಂಡು ಮಾಡ್ತೀರಲ್ಲ?"

ಅರ್ಮಿಂದು ಪೆನ್ನನ್ನು ಮೇಜಿನ ಮೇಲಿಟ್ಟ. "ದೊಡ್ಡದರಲ್ಲಿ ಚಿಕ್ಕದನ್ನ ಕಳಿ."

"ಕಳೆದ ಮೇಲೆ?"

"ಕಳೆದ ಮೇಲೆ ಏನಿಲ್ಲ. ಅದೇ ಹರವು. ಜಾಸ್ತಿ ಬಂದ್ರೆ ಚೀಲ ನಿಲ್ಲಿಸ್ಬೇಕು."

ಏಳರಲ್ಲಿ ಎರಡು ಹೋದರೆ ಐದು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ; ಮಾರುಕಟ್ಟೆಯಲ್ಲಿ ಚಿಲ್ಲರೆ ಬಿಡದ ಹೆಂಗಸು. ಅವಳು ನೋಡುತ್ತಿದ್ದುದು ಅಂಕಿಯನ್ನಲ್ಲ, ಅವನ ಪೆನ್ನನ್ನು, ಮುಚ್ಚಳವನ್ನು, ಆಮೇಲೆ ಒಮ್ಮೆ ಚಾವಣಿಯನ್ನು, ಅಲ್ಲೇನಿದೆ ಅಂತ ಹುಡುಕುವವಳ ಹಾಗೆ. ಚಾವಣಿಯಲ್ಲಿ ತೇವದ ಒಂದು ಕಲೆ ಇತ್ತು. "ಕಳೆಯೋ ಲೆಕ್ಕ," ಅಂದಳು ಮೆಲ್ಲಗೆ. "ಇಷ್ಟಕ್ಕೆ ನಾನು ದಿನಾ ಬಂದು ನಿಂತ್ಕೊತಿದ್ನಾ?" ಅವನು ಏನೋ ಹೇಳಲು ಹೊರಟ: ಆಗ ಸಮಯ ಇರಲಿಲ್ಲ, ಆಮೇಲೆ ಹೇಳೋಣ ಅಂತಿದ್ದೆ, ನೀನೂ ಮತ್ತೆ ಕೇಳಲಿಲ್ಲ. ಮೂರೂ ವಾಕ್ಯಗಳು ಗಂಟಲಿನ ತನಕ ಬಂದು, ಒಂದರ ಹೆಗಲ ಮೇಲೆ ಒಂದು ನೂಕಾಡಿ, ಯಾವುದೂ ಹೊರಗೆ ಬರಲಿಲ್ಲ. ಜುಲ್ಮೀರಾಳ ಮುಖದಲ್ಲಿ ಇನ್ನೊಂದೇನೋ ನಡೆಯುತ್ತಿತ್ತು. "ಅವತ್ತು ಫೋನಲ್ಲಿ," ಅಂದಳು. "ಎರಡು, ಎರಡು ಅಂತ ಇದ್ದಿದ್ದು ನನ್ ಕಣ್ಣೆದುರಿಗೇ ಇತ್ತು. ಸೂಜಿ ಚುಚ್ಚಿದಾಗಲೇ ಬಿರಡೆ ಗರಿಗರಿ ಅಂದಿತ್ತು. ಏನೋ ಸರಿಯಿಲ್ಲ ಅಂತ ಅನ್ನಿಸಿ ತಾನೇ ಮದುವೆ ಮನೆಗೆ ಫೋನ್ ಮಾಡಿದ್ದು." ಆ ಚಳಿಗಾಲವಿಡೀ ಅವಳು ತನ್ನ ಮೂಗಿನ ಮೇಲೂ ಕಣ್ಣಿನ ಮೇಲೂ ನಂಬಿಕೆ ಕಳೆದುಕೊಂಡವಳ ಹಾಗೆ ಒಂದೊಂದು ಗ್ಲಾಸನ್ನೂ ಎರಡೆರಡು ಸಲ ಮೂಸುತ್ತಿದ್ದಳು. ಅವನು ಅದನ್ನು ನೋಡಿ, ವಯಸ್ಸಾಯಿತು ನಿಂಗೆ ಅಂತ ರೇಗಿಸಿದ್ದ.

ಅವಳು ಪೆನ್ಸಿಲ್ ತೆಗೆದುಕೊಂಡಳು, ಅವನದಲ್ಲ, ತನ್ನ ಕೋಟಿನ ಜೇಬಿನದು. ಕಾಗದ ತಿರುಗಿಸಿ ಖಾಲಿ ಬದಿಯಲ್ಲಿ ನಾಲ್ಕನೇ ಪ್ರಶ್ನೆ ಮಾಡಿದಳು, ಐದನೆಯದು ಮಾಡಿದಳು. ಭಾಗಾಕಾರ ತಡೆದಲ್ಲಿ ಅಂಚಿನಲ್ಲಿ ಗೀಟುಗಳನ್ನು ಹಾಕಿ ಹಂಚಿದಳು, ನಿಧಾನವಾಗಿ, ನಾಲಿಗೆಯ ತುದಿ ತುಟಿಯ ಮೂಲೆಗೆ ಬಂದಿತ್ತು. ಅರ್ಮಿಂದು ತಲೆಕೆಳಗಾಗಿ ಓದುತ್ತಿದ್ದ. ಒಂದು ಕಡೆ ಕೂಡುವಾಗ ತಪ್ಪಿದಳು; ಅವನ ಬೆರಳು ತಾನಾಗೇ ಮುಂದೆ ಹೋಯಿತು, ಆದರೆ ಅಷ್ಟರಲ್ಲಿ ಅವಳೇ ಒರೆಸಿ ಸರಿ ಮಾಡಿದಳು. ಮುಗಿದ ಮೇಲೆ ಕಾಗದವನ್ನು ಅವನ ಕಡೆ ತಿರುಗಿಸಲಿಲ್ಲ. ಸರಿಯಾ ಅಂತ ಕೇಳಲಿಲ್ಲ. ಅವನು ಕಾದ, ಹೇಳಲು ಬಾಯಿಯಲ್ಲಿ "ಸರಿ" ಇಟ್ಟುಕೊಂಡು ಕಾದ. ಎಲ್ಲಾ ಸರಿಯಾಗೇ ಇತ್ತು. ಅವಳು ಎದ್ದು ಸ್ಟೂಲನ್ನು ಮೇಜಿನ ಕೆಳಗೆ ತಳ್ಳಿ, ಕೋಟಿನ ತಿರುಚಿದ ಪಟ್ಟಿಯನ್ನು ಕೈ ಹಿಂದೆ ಹಾಕಿ ನೇರ ಮಾಡಿಕೊಂಡಳು. "ನಾನು ಮೇಲೆ ಹೋಗಿ ಬರ್ತೀನಿ ಅರ್ಮಿಂದು," ಅಂದಳು. ಮೇಷ್ಟ್ರೇ ಅನ್ನಲಿಲ್ಲ. ಕೋಪದಿಂದ ಬಿಟ್ಟಿದ್ದಲ್ಲ, ಬಾಯಿಗೆ ಬರಲಿಲ್ಲ ಅಷ್ಟೇ.

ಅವನು ಕೂತಿದ್ದ. ಆಮೇಲೆ ಎದ್ದ. ಕಿಟಕಿ ಪಕ್ಕದಿಂದ ಅಲ್ಬೀನು, "ಎಲ್ಲಿಗೆ?" ಅಂದ. "ಬಂದೆ," ಅಂದ. ಕಬ್ಬಿಣದ ಮೆಟ್ಟಿಲು ಹತ್ತುವಾಗ ಈ ಸಲ ಕಾಲು ಭಾರವಾಗಿತ್ತು, ಆ ಭಾರ ಅವನಿಗೆ ಹಿತವಾಯಿತು. ಭಾರವಿದೆಯೆಂದರೆ ಹೇಳಿಯೇ ಹೇಳುತ್ತೇನೆ ಅನಿಸಿತು. ವಾಕ್ಯ ಸಿದ್ಧವಿತ್ತು. ನಾನೇ ತಪ್ಪು ಹೇಳಿಕೊಟ್ಟಿದ್ದು, ಆ ಲಾರಿ ಕಳಿಸು ಅಂದವನೂ ನಾನೇ. ಒಂದೇ ಉಸಿರಿಗೆ ಆಗುವ ಮಾತು. ಬಾಗಿಲು ಅರ್ಧ ತೆರೆದಿತ್ತು. ಬೆನೆದಿತಾ ಕಾಗದದ ಹಿಂಬದಿಯನ್ನು ಓದುತ್ತಿದ್ದಳು, ಹುಬ್ಬು ಮೇಲಕ್ಕೇರಿತ್ತು. "ಇದೆಲ್ಲಾ ಈಗ ಮಾಡಿದ್ದಾ? ನೀವೇನಾ?" ಅಂದಳು. "ನಾನೇ," ಅಂದಳು ಜುಲ್ಮೀರಾ. "ಇನ್ನೊಂದು ಸಲ ಪರೀಕ್ಷೆ ಕೊಡಿ ಎಂಜಿನಿಯರಮ್ಮ. ಬೇರೆ ಲೆಕ್ಕ ಕೊಡಿ, ಇಲ್ಲೇ ಕೂತು ಬರೀತೀನಿ. ಆಗದಿದ್ರೆ ಚೀಲ ಹೊಲೀತೀನಿ." ಹುಡುಗಿ ಕಾಗದವನ್ನು ತಿರುಗಿಸಿ ಮುಂಬದಿಯ ಪೀಪಾಯಿಗಳ ಮೆರವಣಿಗೆಯನ್ನು ನೋಡಿದಳು, ಮತ್ತೆ ತಿರುಗಿಸಿದಳು. "ಹಾಗಾದ್ರೆ ಇಷ್ಟು ವರ್ಷ ಇದು? ಇದನ್ನ ನಿಮಗೆ ಯಾರು ಹೇಳಿಕೊಟ್ಟಿದ್ದು?"

ಅರ್ಮಿಂದು ಬಾಗಿಲ ಚೌಕಟ್ಟು ಹಿಡಿದು ನಿಂತ. ಈಗ. ಒಂದು ಹೆಜ್ಜೆ ಒಳಗಿಟ್ಟರೆ ಸಾಕು. ಅವಳು 'ಅರ್ಮಿಂದು' ಅನ್ನುವುದರ ಒಳಗೆ ತಾನೇ ಹೇಳಬೇಕು. ಅದೇ ಹೊತ್ತಿಗೆ ಎದೆಯ ಇನ್ನೊಂದು ಮೂಲೆಯಲ್ಲಿ, ಅವಳು ತನ್ನ ಹೆಸರು ಹೇಳದಿರಲಿ ಅಂತ ಒಂದು ಸಣ್ಣ ಪ್ರಾರ್ಥನೆ ಮೊಣಕಾಲೂರಿ ಕೂತಿತ್ತು, ಅದಕ್ಕೆ ಎಷ್ಟು ಅಭ್ಯಾಸವಿತ್ತೆಂದರೆ ಅವನನ್ನು ಕೇಳದೆಯೇ ಕೈ ಜೋಡಿಸಿತ್ತು.

"ಯಾರೂ ಇಲ್ಲ," ಅಂದಳು ಜುಲ್ಮೀರಾ. "ನಂಗೆ ಯಾರೂ ಏನೂ ಹೇಳಿಕೊಟ್ಟಿರ್ಲಿಲ್ಲ."

ಅವನನ್ನು ಉಳಿಸಲು ಆಡಿದ ಮಾತಲ್ಲ ಅದು. ಆ ದನಿಯಲ್ಲಿ ಅಂಥ ದಯೆ ಇರಲಿಲ್ಲ, ಹಗೆಯೂ ಇರಲಿಲ್ಲ. ಯೋಚಿಸಿ, ಕೂಡಿ, ಕಳೆದು, ಬಂದ ಉತ್ತರವನ್ನು ಹೇಳಿದ ಹಾಗಿತ್ತು. ಬೆನೆದಿತಾ ತಲೆಯಾಡಿಸಿ ಹೊಸ ಹಾಳೆ ಹುಡುಕಲು ತಿರುಗಿದಾಗ ಬಾಗಿಲಲ್ಲಿ ಅವನನ್ನು ಕಂಡಳು. "ಬನ್ನಿ ಸೆನ್ಯೋರ್ ಅರ್ಮಿಂದು. ಏನಾದ್ರೂ ಹೇಳೋದಿತ್ತಾ?" ಜುಲ್ಮೀರಾ ತಿರುಗಿ ನೋಡಲಿಲ್ಲ. ಪೆನ್ಸಿಲಿನ ಮೊನೆಯನ್ನು ಹೆಬ್ಬೆರಳಿಗೆ ಒತ್ತಿ ಪರೀಕ್ಷಿಸುತ್ತಿದ್ದಳು.

"ಏನಿಲ್ಲ," ಅಂದ ಅರ್ಮಿಂದು. "ಮೋಡ ಆಗಿದೆ. ಇಲ್ಲಿ ಕಿಟಕಿ ಹಾಕಿದೆಯಾ ಅಂತ ನೋಡೋಕೆ ಬಂದೆ."